ಭಾವನ ರೋಲೆಕ್ಸು, ಅಪ್ಪನ ಪೈಲಟ್ಟು

ಹೋದ ತಿಂಗಳು ಒಂದು ಭಾನುವಾರ, ಬೆಳಗ್ಗೆ ಇನ್ನೂ ಕಾಫಿ ಕುಡಿದಿರ್ಲಿಲ್ಲ, ಮಂಡ್ಯದಿಂದ ಭಾವ ಫೋನ್ ಮಾಡಿದ್ರು. "ಹುಡ್ಗಂಗೆ ಒಂದ್ ವಾಚ್ ನೋಡಿವ್ನಿ ಕಣಪ್ಪ, ರೋಲೆಕ್ಸು. ಐವತ್ ಸಾವ್ರ ಅಡ್ವಾನ್ಸ್ ಕೊಟ್ಬುಟ್ಟು ಮನೆಗೆ ತಂದಿವ್ನಿ, ನೀನು ಒಸಿ ನೋಡ್ಬುಟ್ಟು ಹೇಳು" ಅಂದ್ರು. ದುಡ್ಡು ಕೊಟ್ಟ ಮೇಲೆ ತೋರಿಸ್ತಿದಾರಲ್ಲ ಅಂತ ಹೊಟ್ಟೆ ಒಳಗೆ ಚುರುಕ್ ಅಂತು, ಆದ್ರೂ ಬನ್ನಿ ಭಾವ ಅಂದೆ.

ನಮ್ಮ ಕಡೆ ನಿಶ್ಚಿತಾರ್ಥದಲ್ಲಿ ಗಂಡಿಗೆ ಉಂಗುರ, ಸೂಟಿನ ಬಟ್ಟೆ, ವಾಚು ಕೊಡೋದು ಹಳೇ ಪದ್ಧತಿ. ಅಕ್ಕನ ಮದುವೇಲಿ ಇದೇ ಭಾವಂಗೆ ಅಪ್ಪ ಎಚ್ಎಂಟಿ ಕಾಂಚನ್ ಕೊಟ್ಟಿದ್ರು, ಆಗ ಕಾಂಚನ್ ಅಂದ್ರೆ ಮದುವೆ ಮನೆ ವಾಚು ಅಂತಾನೇ ಲೆಕ್ಕ. ಭಾವ ಇವತ್ತಿಗೂ ಊರ ಹಬ್ಬ ಬಂದ್ರೆ ಬೀರು ಒಳಗಿಂದ ತೆಗೆದು ಅದನ್ನೇ ಕಟ್ಕೋತಾರೆ. ಈಗ ಅವರ ಮಗಳ ಸರದಿ, ಹುಡುಗ ಬೆಂಗಳೂರಲ್ಲಿ ಒಳ್ಳೆ ಕೆಲಸದಲ್ಲಿದಾನೆ, ಅವನೇನೂ ಕೇಳಿಲ್ಲ, ಆದ್ರೆ ಬೀಗರ ಮುಂದೆ ಕಮ್ಮಿ ಆಗಬಾರದು ಅನ್ನೋದು ಭಾವನ ಮನಸ್ಸಲ್ಲಿ ಕೂತುಬಿಟ್ಟಿದೆ. ಕಬ್ಬಿನ ದುಡ್ಡು ಕೈಗೆ ಬಂದಿತ್ತು. ಗೊತ್ತಿರೋರಿಗೆ ಗೊತ್ತಿರೋರು ಒಬ್ರು ಬಂದು ದುಬೈಯಿಂದ ತಂದ ಮಾಲು, ರೋಲೆಕ್ಸ್ ಡೇಟ್‌ಜಸ್ಟ್, 3 ಲಕ್ಷ 20 ಸಾವಿರಕ್ಕೆ ಕೊಡ್ತೀನಿ, ಡ್ಯೂಟಿ ಕಟ್ಟಿಲ್ಲ ಅದಕ್ಕೇ ಬಿಲ್ ಇಲ್ಲ, ಬಾಕ್ಸು ಕಾರ್ಡು ಎಲ್ಲಾ ಇದೆ ಅಂದಿದಾರೆ.

ಇಲ್ಲೇ ನಿಲ್ಲಬೇಕಿತ್ತು. ವಾಚು ನೋಡೋಕ್ ಮುಂಚೆ ಕತೆ ನೋಡಬೇಕು ಅಂತ ನಾನು ಎಲ್ಲರಿಗೂ ಹೇಳ್ತಿರ್ತೀನಿ. ಆ ಮಾಡೆಲ್ಲು ಶೋರೂಮಲ್ಲಿ ಭಾವಂಗೆ ಹೇಳಿದ ರೇಟಿನ ಎರಡು ಪಟ್ಟಿಗೂ ಮೇಲೆ. ಅಸಲಿ ಡೇಟ್‌ಜಸ್ಟ್ ಕೈಲಿಟ್ಕೊಂಡಿರೋನು ಅದನ್ನ ಅರ್ಧ ಬೆಲೆಗೆ ಮಂಡ್ಯದಲ್ಲಿ ಕೊಡೋ ದರ್ದು ಏನಿದೆ, ನಾಳೆ ಬೆಳಗ್ಗೆನೇ ಬೆಂಗಳೂರಲ್ಲಿ ಹಳೇ ವಾಚ್ ತಗೊಳ್ಳೋರು ಅದಕ್ಕಿಂತ ಜಾಸ್ತಿ ಕೊಟ್ಟು ತಗೋತಾರೆ. ಇನ್ನು ಆ ಡ್ಯೂಟಿ ಕಟ್ಟಿಲ್ಲ ಅನ್ನೋ ಮಾತು, ಅದು ನಿಜ ಆಗಿದ್ರೆ ಇನ್ನೂ ಕೆಟ್ಟದ್ದು. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಸೆಕ್ಷನ್ನಲ್ಲಿ ಚಿನ್ನದ ಜೊತೆ ವಾಚಿನ ಹೆಸರೂ ಇದೆ, ಅಧಿಕಾರಿಗಳು ಅನುಮಾನದ ಮೇಲೆ ಜಪ್ತಿ ಮಾಡಿದ್ರೆ ಇದು ಕಳ್ಳಸಾಗಣೆ ಮಾಲಲ್ಲ ಅಂತ ಸಾಬೀತು ಮಾಡೋ ಹೊಣೆ ಇಟ್ಕೊಂಡಿರೋರದ್ದೇ. ಅಂದ್ರೆ ಅಸಲಿ ಆದ್ರೂ ಭಾವಂಗೆ ತಲೆನೋವು, ನಕಲಿ ಆದ್ರೂ ತಲೆನೋವು.

ಮಧ್ಯಾಹ್ನ ಊಟಕ್ಕೆ ಸರಿಯಾಗಿ ಬಂದ್ರು. ಹಸಿರು ಬಾಕ್ಸು, ಒಳಗೆ ಪುಟ್ಟ ಪುಸ್ತಕ, ಕಾರ್ಡು, ಟ್ಯಾಗು, ಎಲ್ಲಾ ಘನವಾಗೇ ಇತ್ತು. ನಾನು ಬಾಕ್ಸು ಕಾರ್ಡು ಎರಡನ್ನೂ ಪಕ್ಕಕ್ಕಿಟ್ಟೆ, ಭಾವಂಗೆ ಬೇಜಾರಾಯ್ತು ಅನ್ಸುತ್ತೆ. ಆದ್ರೆ ನಕಲಿ ಮಾಡೋರಿಗೆ ಅತಿ ಸುಲಭದ ಕೆಲಸ ಪ್ರಿಂಟಿಂಗು, ಬಾಕ್ಸಿಗೂ ಕಾರ್ಡಿಗೂ ಮಷೀನು ಬೇಕಿಲ್ಲ, ಹಲ್ಲಿನ ಚಕ್ರ ಬೇಕಿಲ್ಲ. ನನ್ನ ಹನ್ನೆರಡು ವರ್ಷದ ವಾಚಿನ ಹುಚ್ಚಿನಲ್ಲಿ ಕಲ್ತಿದ್ದು ಏನು ಅಂದ್ರೆ, ಎಲ್ಲರ ಕಣ್ಣು ಮೊದಲು ಬೀಳೋ ಜಾಗ ಯಾವುದೋ ಅದನ್ನ ನಕಲಿ ಮಾಡೋನು ಚೆನ್ನಾಗೇ ಮಾಡಿರ್ತಾನೆ. ಹೆಸರು, ಕಿರೀಟದ ಗುರುತು, ಡಯಲ್ಲಿನ ಬಣ್ಣ ಇವೆಲ್ಲ ಸರಿ ಇರುತ್ತೆ. ಯಾರೂ ನೋಡದ ಜಾಗದಲ್ಲಿ ಅವನು ದುಡ್ಡು ಉಳಿಸಿರ್ತಾನೆ, ಹುಡುಕಬೇಕಿರೋದು ಅಲ್ಲಿ.

ಮೊದಲು ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದೆ. ಈಗಿನ ಡೇಟ್‌ಜಸ್ಟ್ ಮಷೀನು ಗಂಟೆಗೆ 28,800 ಬೀಟು, ಅಂದ್ರೆ ಸೆಕೆಂಡಿಗೆ 8 ಸಲ ಮುಳ್ಳು ಹೆಜ್ಜೆ ಹಾಕ್ಬೇಕು. ಬರಿಗಣ್ಣಿಗೆ ಅದು ಜಾರಿದ ಹಾಗೆ ಕಾಣುತ್ತೆ, ವಿಡಿಯೋದಲ್ಲಿ ನಿಧಾನ ಮಾಡಿ ನೋಡಿದ್ರೆ ಒಂದೊಂದೇ ಹೆಜ್ಜೆ ಎಣಿಸಬಹುದು. ಎಣಿಸಿದ್ವಿ, ಅಕ್ಕನೂ ಎಣಿಸಿದಳು, ಮೂರು ಸಲಾನೂ 6 ಬಂತು. 6 ಅಂದ್ರೆ 21,600 ಬೀಟಿನ ಮಷೀನು, ಕೈ ಆಡಿಸಿದ್ರೆ ತಾನೇ ಕೀ ತಗೊಳ್ಳೋ ಕಮ್ಮಿ ದುಡ್ಡಿನ ಆಟೋಮ್ಯಾಟಿಕ್‌ಗಳಲ್ಲಿ ಬರೋ ಲೆಕ್ಕ. ಹಾಗಂತ 6 ಬಂದ್ರೆ ಯಾವ ಕಂಪನಿದಾದ್ರೂ ನಕಲಿ ಅಂತ ತಿಳ್ಕೋಬೇಡಿ, ಸ್ವಿಸ್ ಕಂಪನಿ ಟಿಸ್ಸೋದವರ ಪವರ್‌ಮ್ಯಾಟಿಕ್ 80 ಮಷೀನು ಓಡೋದೇ 21,600ರಲ್ಲಿ, ಹಳೇ ರೋಲೆಕ್ಸ್ 1570 ಮಷೀನು 19,800. ಯಾವ ವಾಚಿಗೆ ಎಷ್ಟು ಇರಬೇಕು ಅಂತ ಮೊದಲೇ ತಿಳ್ಕೊಂಡು ಎಣಿಸಬೇಕು, ಇಲ್ಲಾಂದ್ರೆ ಎಣಿಸಿದ್ದು ದಂಡ.

ಆಮೇಲೆ ತಾರೀಖು. ಡೇಟ್‌ಜಸ್ಟ್ ಅನ್ನೋ ಹೆಸರೇ ತಾರೀಖಿನದು, 1945ರಲ್ಲಿ ಆ ವಾಚು ಬಂದಿದ್ದೇ ಕಿಟಕೀಲಿ ತಾರೀಖು ತಾನಾಗೇ ಬದಲಾಗುತ್ತೆ ಅನ್ನೋ ಹೆಗ್ಗಳಿಕೆ ಇಟ್ಕೊಂಡು. ಈಗಿನ ಮಷೀನಲ್ಲಿ ನಡುರಾತ್ರಿ ಹನ್ನೆರಡಕ್ಕೆ ಟಕ್ ಅಂತ ಒಂದೇ ಏಟಿಗೆ ಮುಂದಿನ ತಾರೀಖು ಬಂದು ಕೂರ್ಬೇಕು. ನಾವು ಕೀ ಎಳೆದು ಮುಳ್ಳು ಮುಂದಕ್ಕೆ ತಿರುಗಿಸ್ಕೊಂಡು ಹೋದ್ವಿ, ಹತ್ತೂಮುಕ್ಕಾಲಿಗೇ ಅದು ಜರುಗೋಕೆ ಶುರು ಮಾಡ್ತು, ಹನ್ನೊಂದೂವರೆಗೆ ಎರಡು ತಾರೀಖಿನ ಅರ್ಧರ್ಧ ಕಾಣ್ತಿತ್ತು, ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ಪೂರ್ತಿ ಬಂತು. ತಾರೀಖಿನ ಮೇಲಿರೋ ಪುಟ್ಟ ಲೆನ್ಸು ಅಸಲಿಯಲ್ಲಿ ಎರಡೂವರೆ ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ, ಇದರಲ್ಲಿ ಅಂಕಿ ಕಿಟಕಿ ತುಂಬಿರ್ಲಿಲ್ಲ, ಸುತ್ತ ಬಿಳಿ ಜಾಗ ಉಳಿದಿತ್ತು.

ನನಗೆ ಅಲ್ಲಿಗೇ ಗೊತ್ತಾಗಿತ್ತು. ಆದ್ರೆ ಭಾವನ ಮುಖ ನೋಡಿ ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ, ಬಾಮೈದ ಮೊಬೈಲಲ್ಲಿ ವಿಡಿಯೋ ತೋರಿಸಿ ಸುಳ್ಳು ಅಂದ ಅಂತ ಆಗೋದು ಬೇಡ, ಕೈ ಪಳಗಿದೋರು ಹೇಳ್ಲಿ ಅಂತ, ರಾತ್ರಿ ಇಲ್ಲೇ ಇರಿ ನಾಳೆ ಪೇಟೆಗೆ ಹೋಗೋಣ ಅಂದೆ.

ಸೋಮವಾರ ಹತ್ತೂವರೆಗೆ ನಮ್ಮ ಮೈಸೂರಿನ ದೊಡ್ಡ ಗಡಿಯಾರದ ಹತ್ರ ಇಳಿದು ನಡ್ಕೊಂಡು ಹೋದ್ವಿ. ಆ ಗೋಪುರ 1927ರದ್ದು, ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ಕಟ್ಟಿಸಿದ್ದು, ಮುಖದ ಮೇಲೆ ಕನ್ನಡ ಅಂಕಿ. ಅಪ್ಪ ಸೈಕಲ್ಲಲ್ಲಿ ಹೋಗ್ತಾ ಅದನ್ನ ನೋಡಿ ತಮ್ಮ ಎಚ್ಎಂಟಿ ಪೈಲಟ್ ವಾಚು ಸರಿ ಮಾಡ್ಕೋತಿದ್ರು. ಅಲ್ಲಿಂದ ಮಾರ್ಕೆಟ್ ಕಡೆ ಬಂದ್ರೆ ಚಿಕ್ಕ ಗಡಿಯಾರ, ಅದರ ಹತ್ರದ ಒಂದು ಸಂದೀಲಿ ನಾನು ಹೋಗೋ ರಿಪೇರಿ ಯಜಮಾನ್ರ ಅಂಗಡಿ, ಅಂಗಡಿ ಅನ್ನೋದಕ್ಕಿಂತ ಒಂದು ಗಾಜಿನ ಡಬ್ಬಿ, ಒಬ್ಬರು ಕೂತ್ರೆ ತುಂಬಿಹೋಗುತ್ತೆ. ಎಪ್ಪತ್ತರ ಮೇಲಾಗಿದೆ ಅವರಿಗೆ, ಐ ಗ್ಲಾಸು ಕಣ್ಣಿಗೆ ಸಿಕ್ಕಿಸಿಕೊಂಡ್ರೆ ಕೈ ನಡುಗೋದು ನಿಂತುಹೋಗುತ್ತೆ.

ನಾನು ಏನೂ ಹೇಳ್ದೆ ವಾಚು ಕೊಟ್ಟೆ. ಅವರು ಡಯಲ್ ಕಡೆ ನೋಡ್ಲೇ ಇಲ್ಲ. ತಿರುಗಿಸಿ ಹಿಂದಿನ ಮುಚ್ಚಳದ ಮೇಲೆ ರಬ್ಬರ್ ಚೆಂಡು ಒತ್ತಿ ಒಂದು ಸುತ್ತು ಹಾಕಿದ್ರು, ಬಂದೇಬಿಡ್ತು. "ಇದೇ ಮೊದಲ್ನೇದು ಸ್ವಾಮಿ, ಅಸಲಿ ಆಗಿದ್ರೆ ಈ ಹಲ್ಲಿಗೆ ಸರಿಯಾಗಿ ಕೂರೋ ಅಚ್ಚು ಬೇಕು, ಚೆಂಡಿಗೆಲ್ಲಾ ಜಗ್ಗಲ್ಲ" ಅಂದ್ರು. ಒಳಗೆ ನೋಡಿದ್ರೆ ತಿರುಗೋ ರೋಟರ್ ಮೇಲೆ ರೋಲೆಕ್ಸ್ ಅಂತ ಚೆನ್ನಾಗೇ ಕೊರೆದಿದಾರೆ. ಯಜಮಾನ್ರು ಚಿಮುಟದ ತುದಿಯಿಂದ, ಟಿಕ್ ಟಿಕ್ ಅಂತ ಆಚೀಚೆ ಆಡೋ ಬ್ಯಾಲೆನ್ಸ್ ವೀಲ್ ಪಕ್ಕ ತೋರಿಸಿದ್ರು. ಅಲ್ಲೊಂದು ಸಣ್ಣ ಕಡ್ಡಿ, ವಾಚು ಫಾಸ್ಟ್ ಆದ್ರೆ ಸ್ಲೋ ಮಾಡೋಕೆ, ಸ್ಲೋ ಆದ್ರೆ ಫಾಸ್ಟ್ ಮಾಡೋಕೆ, ಸಾಮಾನ್ಯ ಮಷೀನಲ್ಲೆಲ್ಲಾ ಇರುತ್ತೆ, ನಮ್ಮ ಎಚ್ಎಂಟೀಲೂ ಇದೆ. ಈಗಿನ ರೋಲೆಕ್ಸಲ್ಲಿ ಅದು ಇರೋದಿಲ್ಲ. ಅವರು ಚಕ್ರದ ಒಳಗಡೆನೇ ಪುಟ್ಟ ಚಿನ್ನದ ನಟ್ಟು ಕೂರಿಸಿರ್ತಾರೆ, ಅದನ್ನ ಒಂದಿಷ್ಟೇ ಇಷ್ಟು ಒಳಗೆ ಹೊರಗೆ ತಿರುಗಿಸಿ ಟೈಮು ಹೊಂದಿಸೋದು, ಆ ಚಕ್ರನ ಆಡಿಸೋ ಕೂದಲೆಳೆಯಂಥ ಹೇರ್ ಸ್ಪ್ರಿಂಗನ್ನ ಯಾವ ಕಡ್ಡಿನೂ ಮುಟ್ಟೋ ಹಾಗಿಲ್ಲ. ದಿನಕ್ಕೆ ಎರಡು ಸೆಕೆಂಡ್ ಹಿಂದೆ ಮುಂದೆ ಅಷ್ಟರಲ್ಲೇ ಇರುತ್ತೆ ಅಂತ ಕಂಪನಿ ಹೇಳ್ಕೊಳ್ಳೋದು ಇಂಥ ಕೆಲಸ ನಂಬ್ಕೊಂಡು. ಹೇರ್ ಸ್ಪ್ರಿಂಗೂ ನೀಲಿ ಇರಬೇಕು, ಇದರದು ಮಾಮೂಲಿ ಬಿಳಿ ಉಕ್ಕು.

ಭಾವ ಏನೂ ಮಾತಾಡ್ಲಿಲ್ಲ. ಆಮೇಲೆ "ಮಷೀನ್ ಬದ್ಲಾಯ್ಸಿರ್ಬೋದು ಅಲ್ವಾ, ಕೇಸ್ ಅಸಲಿ ಇರ್ಬೋದು" ಅಂದ್ರು. ಆ ಆಸೆ ನನಗೆ ಅರ್ಥ ಆಗುತ್ತೆ, ಐವತ್ತು ಸಾವಿರ ಅಂದ್ರೆ ಎಷ್ಟು ಟನ್ ಕಬ್ಬು ಅಂತ ಲೆಕ್ಕ ಹಾಕೋ ಮನುಷ್ಯ. ಅದಕ್ಕೇ ಅಲ್ಲಿಂದ ಅಶೋಕ ರಸ್ತೆಗೆ ಹೋದ್ವಿ, ಅಕ್ಕನ ಒಡವೆ ಮಾಡಿಸೋ ಚಿನ್ನದಂಗಡಿಗೆ. ಡೇಟ್‌ಜಸ್ಟಲ್ಲಿ ಡಯಲ್ ಸುತ್ತ ಗೆರೆ ಗೆರೆ ಕೊರೆದ ಬಳೆ ಇರುತ್ತಲ್ಲ, ಆ ಗೆರೆ ಇರೋ ಬಳೆ ಉಕ್ಕಿನ ವಾಚಲ್ಲೂ ಚಿನ್ನದ್ದೇ ಇರುತ್ತೆ, 18 ಕ್ಯಾರೆಟ್ ಬಿಳಿ ಚಿನ್ನ. ನೋಡೋಕೆ ಉಕ್ಕಿನ ಥರಾನೇ ಇರೋದ್ರಿಂದ ತುಂಬ ಜನಕ್ಕೆ ಈ ವಿಷಯ ಗೊತ್ತಿಲ್ಲ, ನಕಲಿ ಮಾಡೋನು ಅಲ್ಲಿ ಚಿನ್ನ ಹಾಕೋಕೆ ಹೋಗಲ್ಲ, ಹಾಕಿದ್ರೆ ಅವನಿಗೆ ಏನು ಗಿಟ್ಟುತ್ತೆ. ಅಂಗಡಿಯವರು ಕ್ಯಾರೆಟ್ ಮೀಟರ್ ಒಳಗಿಟ್ಟು ಬಳೆ ಮೇಲೆ ಕಿರಣ ಬೀಳೋ ಹಾಗೆ ಹೊಂದಿಸಿದ್ರು, ನೂರಕ್ಕೆ ಎಪ್ಪತ್ತೈದರ ಹತ್ರ ಚಿನ್ನ ತೋರಿಸಬೇಕಿತ್ತು. ಸ್ಕ್ರೀನಲ್ಲಿ ಕಬ್ಬಿಣ, ಕ್ರೋಮಿಯಂ, ನಿಕ್ಕಲ್. ಚಿನ್ನದ ಮುಂದೆ ಸೊನ್ನೆ. ಗೀರಿಲ್ಲ, ಉಜ್ಜಿಲ್ಲ, ಎರಡು ನಿಮಿಷದ ಕೆಲಸ. ಹಳ್ಳಿ ಮನುಷ್ಯನಿಗೆ ಹೇರ್ ಸ್ಪ್ರಿಂಗಿಗಿಂತ ಚಿನ್ನದ ಸೊನ್ನೆ ಬೇಗ ಅರ್ಥ ಆಗುತ್ತೆ, ಭಾವ ಅಲ್ಲೇ ಸ್ಟೂಲಲ್ಲಿ ಕೂತ್ಕೊಂಡುಬಿಟ್ರು, ಅಂಗಡಿಯವರೇ ನೀರು ತರಿಸಿಕೊಟ್ರು.

ಪೂರ್ತಿ ಚಿನ್ನದ ವಾಚು ಅಂತ ಯಾರಾದ್ರೂ ಮಾರೋಕೆ ಬಂದ್ರೆ ಇನ್ನೊಂದು ನೋಡ್ಬೇಕು. ನಮ್ಮ ಒಡವೆಗೆ ಹಾಲ್‌ಮಾರ್ಕ್ ಇದ್ದ ಹಾಗೆ ಸ್ವಿಸ್ ಚಿನ್ನದ ವಾಚಿಗೂ ಗುರುತಿದೆ, 750 ಅನ್ನೋ ಅಂಕಿ ಜೊತೆ 1995ರಿಂದ ಸೇಂಟ್ ಬರ್ನಾರ್ಡ್ ನಾಯಿ ತಲೆಯ ಪುಟ್ಟ ಮುದ್ರೆ. ಜೊತೆಗೆ ತೂಕ, 18 ಕ್ಯಾರೆಟ್ ಚಿನ್ನ ಉಕ್ಕಿಗಿಂತ ಹತ್ರಹತ್ರ ಎರಡರಷ್ಟು ಭಾರ, ಕೈಲಿ ಹಿಡಿದ್ರೇ ಗೊತ್ತಾಗಬೇಕು. ಆದ್ರೆ ಉಕ್ಕಿನ ವಾಚಿಗೆ ಈ ತೂಕದ ಮಾತು ನಡೆಯಲ್ಲ, "ಭಾರ ಇದೆ ಸಾರ್ ನೋಡಿ, ಒರಿಜಿನಲ್ಲು" ಅಂತಾರಲ್ಲ, ರೋಲೆಕ್ಸ್ ಬಳಸೋ 904 ಎಲ್ ಉಕ್ಕಿಗೂ ಬೇರೆಯವರು ಬಳಸೋ 316 ಎಲ್ ಉಕ್ಕಿಗೂ ಕೈಗೆ ತಿಳಿಯೋ ಅಷ್ಟು ವ್ಯತ್ಯಾಸ ಇಲ್ಲ.

ಹಿಂಗೆ ಬಾಯಿಂದ ಬಾಯಿಗೆ ಬಂದಿರೋ ಪರೀಕ್ಷೆಗಳು ತುಂಬ ಇವೆ, ಅವನ್ನ ನಂಬ್ಕೊಂಡೇ ಜನ ಮೋಸ ಹೋಗ್ತಿದಾರೆ ಅಂತ ನನ್ನ ಸಂಕಟ. ಗಾಜಿನ ಮೇಲೆ ನೀರಿನ ಹನಿ ಇಟ್ರೆ ಹರಡದೆ ಗುಂಡಗೆ ನಿಂತ್ರೆ ಅದು ಸಫೈರು ಅನ್ನೋ ಗಟ್ಟಿ ಗಾಜು, ಸಫೈರ್ ಆದ್ರೆ ಅಸಲಿ ಅಂತಾರೆ, ಸಫೈರ್ ಗಾಜು ಈಗ ನಕಲೀಲೂ ಹಾಕ್ತಾರೆ. ಟಿಕ್ ಟಿಕ್ ಅಂತ ಮುಳ್ಳು ಹಾರಿದ್ರೆ ರೋಲೆಕ್ಸ್ ಅಲ್ಲ ಅಂತಾರೆ, ರೋಲೆಕ್ಸಿನವರೇ 1977ರಲ್ಲಿ ಆಯ್ಸ್ಟರ್‌ಕ್ವಾರ್ಟ್ಜ್ ಅಂತ ಸೆಲ್ಲಿನ ವಾಚು ತಂದಿದ್ರು, ಅದು ಸೆಕೆಂಡಿಗೊಂದ್ಸಲ ಟಿಕ್ ಅಂತಾನೇ ಹಾರೋದು. ಗಾಜಿನಲ್ಲಿ ಆರರ ಅಂಕಿ ಹತ್ರ ಕಣ್ಣಿಗೆ ಕಾಣ್ದಷ್ಟು ಸಣ್ಣ ಕಿರೀಟ ಕೊರೆದಿರ್ತಾರೆ ಅನ್ನೋದು ನಿಜ, ಭಾವನ ವಾಚಲ್ಲೂ ಇತ್ತು, ಆದ್ರೆ ಹುಡುಕದೇನೇ ಕಣ್ಣಿಗೆ ಬಿತ್ತು. ಅಸಲೀಲಿ ಬೆಳಕು ಓರೆ ಮಾಡಿ ಹತ್ತು ಸಲ ತಿರುಗಿಸಿದ್ರೆ ಒಂದ್ಸಲ ಸಿಗುತ್ತೆ. ಕಾರ್ಟಿಯೇದವರು ರೋಮನ್ ಏಳರ ಒಂದು ಗೆರೆಯಲ್ಲಿ ತಮ್ಮ ಹೆಸರು ಬಚ್ಚಿಡ್ತಾರೆ, ಒಮೇಗಾದವರು ಸ್ಪೀಡ್‌ಮಾಸ್ಟರ್‌ನ ಪ್ಲಾಸ್ಟಿಕ್ ಗಾಜಿನ ನಟ್ಟನಡುವೆ ಸಾಸಿವೆಗಿಂತ ಚಿಕ್ಕದಾಗಿ ಒಮೇಗಾ ಗುರುತು ಹಾಕ್ತಾರೆ, ಇವೆಲ್ಲ ಲೆನ್ಸಿಗೆ ಬಿಟ್ರೆ ಸಿಗಬಾರದು ಅಂತಾನೇ ಮಾಡಿರೋದು.

ನಮ್ಮ ಊರುಗಳ ಕಡೆ ನಿಜವಾಗ್ಲೂ ಮನೆಮನೇಲಿರೋ ಫಾರಿನ್ ವಾಚು ರ‍್ಯಾಡೋ. ಗಲ್ಫಿಗೆ ಹೋಗಿ ಬಂದೋರು ತಂದಿದ್ದು, ನಮ್ಮ ಬೀದೀಲೇ ಇಬ್ಬರ ಹತ್ರ ಇತ್ತು. 1962ರಲ್ಲಿ ಬಂದ ಡಯಾಸ್ಟಾರ್ ಗೀರು ಬೀಳಲ್ಲ ಅಂತಾನೇ ಹೆಸರು ಮಾಡಿದ್ದು, ಟಂಗ್‌ಸ್ಟನ್ ಕಾರ್ಬೈಡ್ ಕೇಸು. ಅದನ್ನ ಗುರುತು ಹಿಡಿಯೋಕೆ ನನಗೆ ತುಂಬ ಇಷ್ಟದ ದಾರಿ ಡಯಲ್ ಮೇಲಿರೋ ಪುಟ್ಟ ಲಂಗರು. ಆಟೋಮ್ಯಾಟಿಕ್ ರ‍್ಯಾಡೋದಲ್ಲಿ ಆ ಲಂಗರು ಅಂಟಿಸಿದ್ದಲ್ಲ, ವಾಚು ಓರೆ ಮಾಡಿದ್ರೆ ತೂಗಾಡಿಕೊಂಡು ತಿರುಗುತ್ತೆ. ಸೆಲ್ ವಾಚಲ್ಲಿ ತಿರುಗಲ್ಲ, ಅದನ್ನ ನೋಡಿ ಗಾಬರಿ ಆಗ್ಬೇಡಿ. ಆಟೋಮ್ಯಾಟಿಕ್ ಅಂತ ಬರೆದಿದ್ದು ಲಂಗರು ಮಾತ್ರ ಅಲ್ಲಾಡ್ದೇ ನಿಂತಿದ್ರೆ, ಒಂದು ಅದರ ಸರ್ವಿಸಿಂಗ್ ಆಗಿಲ್ಲ ಅಥವಾ ಅದು ರ‍್ಯಾಡೋನೇ ಅಲ್ಲ.

ಬಸ್‌ಸ್ಟ್ಯಾಂಡಿಗೆ ಹೋಗ್ತಾ ಭಾವ ಸಿಟ್ಟಲ್ಲಿ "ನಾನೂ ಯಾವನ್ಗಾರ ಮಾರ್ಬುಡ್ತೀನಿ, ನನ್ ದುಡ್ಡು ನಂಗ್ ಬತ್ತದೆ" ಅಂದ್ರು. ಬೇಡ ಭಾವ ಅಂದೆ, ಗೊತ್ತಿಲ್ದೆ ತಗೊಂಡಿದ್ದು ಬೇರೆ, ಗೊತ್ತಿದ್ದೂ ಮಾರೋದು ಬೇರೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ನಕಲಿ ಹೆಸರಿನ ಮಾಲು ಮಾರಿದ್ರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಫಸ್ಟ್ ಕಾಪಿ, ಸೆವೆನ್ ಎ, ಮಾಸ್ಟರ್ ಕಾಪಿ ಅಂತ ರಾಜಾರೋಷವಾಗಿ ಮಾರ್ತಾರಲ್ಲ, ಅದಕ್ಕೆಲ್ಲಾ ಇದೇ ಕಾಯ್ದೆ ಅನ್ವಯ, ಕಾಪಿ ಅಂತ ಮುಂಚೆನೇ ಹೇಳಿ ಮಾರಿದೆ ಅಂದ್ರೂ ಬಿಡುಗಡೆ ಇಲ್ಲ. ಭಾವ ಕೇಳಿಸ್ಕೊಂಡ್ರು. ಮೂರು ಸಲ ಅಲೆದ ಮೇಲೆ ಐವತ್ತರಲ್ಲಿ ಮೂವತ್ತೈದು ವಾಪಸ್ ಬಂತು, ಉಳಿದಿದ್ದಕ್ಕೆ ಇನ್ನೂ ಫೋನ್ ಮಾಡ್ತಿದಾರೆ. ಹುಡುಗನಿಗೆ ದೇವರಾಜ ಅರಸು ರಸ್ತೇಲಿ ಬಿಲ್ ಸಮೇತ, ಸೀಲ್ ಹಾಕಿದ ವಾರಂಟಿ ಕಾರ್ಡ್ ಸಮೇತ ಒಂದು ಟಿಸ್ಸೋ ತಗೊಂಡ್ವಿ.

ಈ ಗಲಾಟೇಲಿ ನನ್ನ ಮನಸ್ಸು ಮಾತ್ರ ಬೇರೆ ಕಡೆ ಹೋಗಿತ್ತು. ಯಜಮಾನ್ರು ಭಾವನ ವಾಚಿನ ಮುಚ್ಚಳ ಹಾಕ್ತಾ ನನ್ನ ಕೈಲಿದ್ದ ಅಪ್ಪನ ಪೈಲಟ್ ನೋಡಿ "ಇದು ಯಾರು ಹಾಳು ಮಾಡಿದ್ದು" ಅಂದಿದ್ರು.

ಅಪ್ಪ ಹೋದ ಮೇಲೆ ಆ ವಾಚು ನಿಂತಿತ್ತು, ಡಯಲ್ಲು ನೀರು ಕುಡಿದು ಕಂದಾಗಿತ್ತು. ನನಗೆ ಆಗ ಏನೂ ತಿಳಿದಿರ್ಲಿಲ್ಲ, ಒಂದು ಅಂಗಡಿಗೆ ಕೊಟ್ಟೆ, ಹೊಸದು ಮಾಡಿಕೊಡ್ತೀವಿ ಅಂದ್ರು, ಮಾಡೇ ಕೊಟ್ರು, ಕಡು ಕಿತ್ತಳೆ ಬಣ್ಣದ ಡಯಲ್ಲು. ನಾನು ಖುಷಿಯಾಗೇ ಕಟ್ಕೊಂಡು ಓಡಾಡಿದೆ. ಎಷ್ಟೋ ದಿನ ಆದ್ಮೇಲೆ ತಿಳೀತು, ಎಚ್ಎಂಟಿ ಪೈಲಟ್ ಅಂದ್ರೆ ಕಪ್ಪು ಡಯಲ್ಲು, ಇವರು ಹಳೇ ಬಣ್ಣ ಕೆರೆದು ಮೇಲೆ ಹೊಸ ಬಣ್ಣ ಹೊಡೆದು ಹೆಸರು ಅಚ್ಚು ಹಾಕಿದಾರೆ ಅಂತ. ಆನ್‌ಲೈನಲ್ಲಿ ಹಸಿರು, ನೀಲಿ, ಗುಲಾಬಿ ಪೈಲಟ್ಟುಗಳು ಸಾಲಾಗಿ ಸಿಗ್ತಾವಲ್ಲ, ಎಲ್ಲಾ ಇದೇ ಕತೆ. ಲೆನ್ಸಿಟ್ಟು ನೋಡಿ, ಅಕ್ಷರದ ಅಂಚು ಶಾಯಿ ಹರಡಿದ ಹಾಗೆ ಒರಟಾಗಿರುತ್ತೆ, ನಿಮಿಷದ ಗೆರೆಗೂ ಗಂಟೆಯ ಗುರುತಿಗೂ ತಾಳ ತಪ್ಪಿರುತ್ತೆ. ಹಳೇ ಸ್ವಿಸ್ ವಾಚಿಗೆ ಇನ್ನೊಂದು ಸಾಕ್ಷಿ ಇದೆ, ಡಯಲ್ ಕೆಳಗೆ ಸ್ವಿಸ್ ಅನ್ನೋ ಪದದ ಅಕ್ಕಪಕ್ಕ ಟಿ ಅಂತಿದ್ರೆ ಅದು ಟ್ರಿಟಿಯಂ, ಕತ್ತಲಲ್ಲಿ ಹೊಳೀಲಿ ಅಂತ ಮುಳ್ಳಿಗೆ ಡಯಲ್ಲಿಗೆ ಹಚ್ತಿದ್ದ ಬಣ್ಣದ್ದು. ಅದರ ಶಕ್ತಿ ಸುಮಾರು 12 ವರ್ಷಕ್ಕೆ ಅರ್ಧ ಆಗುತ್ತೆ, 1970ರ ವಾಚು ಅಂದು ಕತ್ತಲಲ್ಲಿ ಇವತ್ತೂ ಹೊಸದರ ಹಾಗೆ ಹೊಳೆದ್ರೆ ಯಾರೋ ಆಮೇಲೆ ಬಣ್ಣ ತುಂಬಿದಾರೆ.

ಅಪ್ಪನ ವಾಚಲ್ಲಿ ಮಷೀನು ಮಾತ್ರ ಅಪ್ಪನದ್ದೇ. 17 ಜ್ಯೂಯೆಲ್ಲು, ಅಂದ್ರೆ ಚಕ್ರ ಸವೀದ ಹಾಗೆ ಕೂರಿಸೋ ಹರಳು, ಕೀ ಕೊಡೋ 0231 ನಂಬರಿನ ಮಷೀನು, ಸೆಕೆಂಡಿಗೆ 5 ಹೆಜ್ಜೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ಕಾರ್ಖಾನೆ, 2016ರಲ್ಲಿ ಸರ್ಕಾರ ಎಚ್ಎಂಟಿ ವಾಚ್ ಕಂಪನಿನೇ ಮುಚ್ಚೋ ತೀರ್ಮಾನ ಮಾಡ್ತು, ಇನ್ನು ಆ ಕಾಲದ ಡಯಲ್ಲು ಬೇಕಂದ್ರೆ ಹಳೇ ವಾಚಲ್ಲೇ ಹುಡುಕಬೇಕು. ಹೊರಗಿನ ಮುಖ ಯಾರದ್ದೋ, ಒಳಗೆ ಬಡ್ಕೊಳ್ತಿರೋದು ಅಪ್ಪ ರೈಲ್ವೆ ವರ್ಕ್‌ಶಾಪಿಗೆ ಹೊರಡೋ ಮುಂಚೆ ದಿನಾ ಬೆಳಗ್ಗೆ ಆಕಾಶವಾಣಿ ಹಾಕ್ಕೊಂಡು ಕೀ ಕೊಡ್ತಿದ್ದ ಅದೇ ಸ್ಪ್ರಿಂಗು. ಭಾವನ ವಾಚು ಪೂರ್ತಿ ಸುಳ್ಳು, ಅದು ಸುಲಭ, ಎಸೆದುಬಿಡಬಹುದು. ಇದನ್ನ ಏನಂತ ಕರೀಬೇಕು ಅಂತ ಎಷ್ಟೋ ರಾತ್ರಿ ಯೋಚನೆ ಮಾಡಿದೀನಿ.

ಯಜಮಾನ್ರು ಡಬ್ಬಿ ಹುಡುಕಿ, ಹೋದ ವಾರ ಫೋನ್ ಮಾಡಿದ್ರು. ಕೆಟ್ಟು ಮೂಲೆಗೆ ಬಿದ್ದಿದ್ದ ಒಂದು ಪೈಲಟ್ಟಿನ ಕಪ್ಪು ಡಯಲ್ ಸಿಕ್ಕಿದೆ, ಏಳರ ಹತ್ರ ಬಣ್ಣ ಬಿರುಕು ಬಿಟ್ಟಿದೆ, ಕತ್ತಲಲ್ಲಿ ಹೊಳೆಯೋ ಬಣ್ಣ ಹಳದಿ ಆಗಿದೆ, ಅಕ್ಷರ ಮಾತ್ರ ಕಂಪನಿದೇ ಅಂದ್ರು. ಬಿರುಕು ಮುಟ್ಟಬೇಡಿ, ಪಾಲಿಶ್ ಬೇಡ, ಗಾಜೂ ಅದೇ ಇರ್ಲಿ, ಹಾಗೇ ಕೂರಿಸಿ ಅಂದೆ. ಆ ಕಿತ್ತಳೆ ಡಯಲ್ ಏನು ಮಾಡ್ಲಿ ಅಂತ ಕೇಳಿದ್ರು, ಅದನ್ನೂ ಒಂದು ಕಾಗದದಲ್ಲಿ ಸುತ್ತಿ ಕೊಡಿ, ಅದರ ಕೆಳಗೆ ಕೆರೆದು ಉಳಿದಿರೋದು ಅಪ್ಪ ನೋಡಿದ ತಗಡು ತಾನೇ ಅಂದೆ. ಶುಕ್ರವಾರ ಸಂಜೆ ಬನ್ನಿ ಅಂದಿದಾರೆ.